ಝಂಡಾಕಟ್ಟೆಯೊಳಗಿನ ಮೂರು ಕಲ್ಲು

ಮಖ್ತಲ್‌ನಲ್ಲಿ ನಮ್ಮ ಓಣಿ ಮುಗಿಯುವ ಮೂಲೆಗೆ ಒಂದು ಝಂಡಾಕಟ್ಟೆ ಇದೆ. ತೆಲಂಗಾಣ ಬಂದ ವರ್ಷ ಓಣಿಯವರೇ ಸೇರಿ ಕಟ್ಟಿದ್ದು. ಅದರ ಸಿಮೆಂಟಿನ ಒಳಗೆ, ಕಂಬದ ಬುಡದಲ್ಲಿ, ಮಸಿ ಹಿಡಿದ ಮೂರು ಕಲ್ಲುಗಳಿವೆ. ಅವನ್ನು ಕೊಟ್ಟವಳು ನಾನು. ಅವು ನನ್ನವಾಗಿರಲಿಲ್ಲ. ಈ ಸಂಗತಿಯನ್ನು ಯಾರ ಮುಂದಾದರೂ ಹೇಳಹೊರಟರೆ ‘ಕಲ್ಲೇ ತಾನೆ’ ಅನ್ನುತ್ತಾರೆ. ಮೊದಲು ನಾನೂ ಹಾಗೇ ಅಂದವಳು, ಆದ್ದರಿಂದ ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. ಆದರೂ ಸಿಟ್ಟು ಬರುತ್ತದೆ.

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ತೆಲಂಗಾಣದಲ್ಲಿ ಕನ್ನಡ ಶಾಲೆಯೇ ಎಂದು ದೂರದವರು ಹುಬ್ಬೇರಿಸುತ್ತಾರೆ. ಕೃಷ್ಣಾ ನದಿಯ ಈ ದಂಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಗಡಿ ಎಳೆದವರು ನಮ್ಮನ್ನು ಕೇಳಿ ಎಳೆಯಲಿಲ್ಲ. ನಮ್ಮವ್ವ ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ, ನನ್ನನ್ನು ಹೆತ್ತದ್ದು ಆಂಧ್ರದಲ್ಲಿ. ಮೂರನೆಯ ರಾಜ್ಯ ಬರುವ ಹೊತ್ತಿಗೆ ಆಕೆ ಇರಲಿಲ್ಲ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ, ‘ಅದನ್ನ ತಗೊಂಡು ನೀವೇನ್ ಮಾಡ್ತೀರಿ’ ಎಂದು ಬಾಯಿ ಮುಚ್ಚಿಸಿದ್ದೇನೆ. ಅವ್ವನ ಜೊತೆಗೇ ಇದ್ದೆ, ದಿನಕ್ಕೆ ನಾಲ್ಕು ಸಲ ಜಗಳ ಆಡಿಕೊಂಡು.

ಅವ್ವ ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು. ಶಾಲೆಯಲ್ಲಿ ಪುಸ್ತಕದ ಕನ್ನಡ, ಬಜಾರದಲ್ಲಿ ತೆಲುಗು, ಹಾಲಿನವನ ಜೊತೆ ದಖನಿ ಉರ್ದು. ಅವ್ವನ ಜೊತೆ ಆಡುತ್ತಿದ್ದ ಕನ್ನಡಕ್ಕೆ, ಅದರ ಬೈಗುಳ ಸಮೇತ, ಜಾಗವೇ ಉಳಿಯಲಿಲ್ಲ. ಭಾನುವಾರ ಬಂದರೆ ಇಡೀ ದಿನ ಒಂದು ಶಬ್ದ ಆಡದೆ ಕಳೆದು, ಸಂಜೆ ಗಂಟಲು ಕಟ್ಟಿದಂತಾಗಿ ಕೆಮ್ಮುತ್ತಿದ್ದೆ. ಅದಕ್ಕೇ ಹಿತ್ತಲ ಕಡೆಯ ಕೋಣೆ ಬಾಡಿಗೆಗೆ ಕೊಟ್ಟೆ. ಜನಕ್ಕೆ ಮಾತ್ರ, ಕೋಣೆ ಖಾಲಿ ಬಿಟ್ಟರೆ ಗೆದ್ದಲು ಹಿಡಿಯುತ್ತದೆ ಎಂದೆ.

ಬಾಡಿಗೆಗೆ ಬಂದವರು ನೇಪಾಳದ ಗಂಡ ಹೆಂಡತಿ. ಮಕ್ಕಳಿರಲಿಲ್ಲ. ಆತ ಊರಾಚೆಯ ಹತ್ತಿ ಮಿಲ್ಲಿನಲ್ಲಿ ಕಾವಲು. ಆಕೆ ಅದೇ ಮಿಲ್ಲಿನಲ್ಲಿ ಕಸ ಹೊಡೆದು, ಮಧ್ಯಾಹ್ನದವರೆಗೆ ಕೂಲಿಯವರಿಗೆ ರೊಟ್ಟಿ ಬಡಿದು ಬರುತ್ತಿದ್ದಳು. ಅದಕ್ಕೂ ಮೊದಲು ಆರೇಳು ವರ್ಷ ರಾಯಚೂರಿನಲ್ಲಿ ಇದ್ದವರಂತೆ, ಹಾಗಾಗಿ ಆಕೆಗೆ ಕನ್ನಡ ನಮ್ಮಷ್ಟೇ ಬರುತ್ತಿತ್ತು. ಶಾಲೆಯ ಶಿಕ್ಷಕಿಯರನ್ನು ಈ ಕಡೆ ಕರೆಯುವಂತೆ ನನ್ನನ್ನು ‘ಅಕ್ಕೋರ’ ಎಂದೇ ಕರೆದಳು. ಬೆಟ್ಟದ ಹೆಣ್ಣುಮಗಳ ಬಾಯಲ್ಲಿ ರಾಯಚೂರಿನ ಕನ್ನಡ ಕೇಳಿ ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ.

ಬಂದ ಕೆಲವೇ ದಿನಕ್ಕೆ ಒಂದು ಸಂಗತಿ ಗಮನಿಸಿದೆ. ಮಧ್ಯಾಹ್ನ ಕೆಲಸ ಮುಗಿಸಿ ಬಂದವಳು ಹಿತ್ತಲಲ್ಲಿ ಕೂತು ಒಬ್ಬಳೇ ಮಾತಾಡುತ್ತಿದ್ದಳು. ಗೊಣಗುವುದಲ್ಲ, ಎದುರಿಗೆ ಯಾರೋ ಇದ್ದಂತೆ ಕೇಳುವುದು, ನಿಲ್ಲಿಸುವುದು, ನಗುವುದು. ಹಿಂದಿ ಅಲ್ಲ, ಗಂಡನ ಜೊತೆ ಆಡುವ ನೇಪಾಳಿಯೂ ಅಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಿಂದಿನ ದಿನ ನೀರು ಜಾಸ್ತಿ ಸುರಿದಳೆಂದು ಗದರಿದ್ದೆ, ನನ್ನನ್ನೇ ಬೈಯುತ್ತಿದ್ದಾಳೆ ಎಂದುಕೊಂಡು ನೇರ ಹೋಗಿ ನಿಂತೆ.

‘ಯಾರಿಗವ್ವಾ ಬೈಯಾಕತ್ತಿ?’

‘ಬೈಯಾಕತ್ತಿಲ್ರಿ ಅಕ್ಕೋರ. ನಮ್ಮ ಮನಿ ಮಾತು. ಬಾಯಿಗೆ ರೂಢಿ ತಪ್ಪಬಾರ್ದಂತ ಆಡ್ತೀನಿ.’

ಆಗ ಹೇಳಿದಳು. ಅವಳ ಊರು ಪೂರ್ವ ನೇಪಾಳದ ಖೋಟಾಂಗ್ ಜಿಲ್ಲೆಯ ಬೆಟ್ಟದ ಇಳಿಜಾರಿನಲ್ಲಿ. ಬಿಹಾರದ ಗಡಿ ದಾಟಿ, ಬಸ್ಸು ಹಿಡಿದು, ದಿಕ್ತೇಲ್ ಬಜಾರ ಮುಟ್ಟಿ, ಅಲ್ಲಿಂದ ಕಾಲು ನಡೆ. ಮನೆಯವರದು ರಾಯಿ ಜನಾಂಗ. ಅವರಲ್ಲಿ ಒಂದೊಂದು ಕಣಿವೆಗೆ ಒಂದೊಂದು ಮಾತು, ಒಬ್ಬರದು ಇನ್ನೊಬ್ಬರಿಗೆ ತಿಳಿಯದು. ಇವಳದು ದುಮಿ. ಈ ಕಡೆ ರಾವಾ ನದಿ, ಆ ಕಡೆ ತಾಪ್ ಹೊಳೆ. ಎರಡರ ನಡುವೆ ದುಮಿ. ಹೊಳೆ ದಾಟಿದರೆ ಬೇರೆ ಮಾತು. ಗಂಡ ಪಶ್ಚಿಮ ನೇಪಾಳದ ಬೇರೆ ಜಾತಿಯವನು, ದುಮಿಯ ಒಂದು ಶಬ್ದವೂ ಅವನಿಗೆ ಬಾರದು. ನಾನು ಮೇಷ್ಟ್ರಗಿತ್ತಿಯ ಜಂಬದಲ್ಲಿ, ‘ಲಿಪಿ ಐತೇನು? ಪುಸ್ತಕ ಅದಾವೇನು?’ ಎಂದು ಕೇಳಿದೆ. ‘ನಮ್ಮವ್ವಗ ಓದಾಕ ಬರಂಗಿಲ್ರಿ, ಆದ್ರೂ ಮಾತಾಡ್ತಾಳ’ ಅಂದಳು.

ಇನ್ನೊಂದು ಮಾತು ಹೇಳಿ ತಾನೇ ನಕ್ಕಳು. ಅವರಲ್ಲಿ ‘ಬಾ’ ಅನ್ನಲು ಬೇರೆ ಬೇರೆ ಶಬ್ದಗಳಂತೆ. ಕೆಳಗಿನಿಂದ ಹತ್ತಿ ಬರುವುದಕ್ಕೆ ಒಂದು, ಮೇಲಿನಿಂದ ಇಳಿದು ಬರುವುದಕ್ಕೆ ಒಂದು, ಸಮನಾಗಿ ಅಡ್ಡ ಬರುವುದಕ್ಕೆ ಒಂದು. ‘ನಿಮ್ಮ ಮಖ್ತಲ್‌ನಾಗ ಹತ್ತೂದಿಲ್ಲ, ಇಳಿಯೂದಿಲ್ಲ. ಒಂದಽ ಸಾಕ್ರಿ ನಿಮಗ’ ಅಂದಳು. ನಮ್ಮ ಎರೆಹೊಲದ ಸಪಾಟು ನೆಲವನ್ನು ಯಾರೋ ಆಡಿಕೊಂಡಂತೆ ನನಗೆ ಸ್ವಲ್ಪ ಕೋಪವೇ ಬಂತು.

ಆದರೆ ಆಕೆ ಯಾರ ಮುಂದೆ ಕೂತು ಮಾತಾಡುತ್ತಾಳೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳ ಎದುರಿಗೆ ಇದ್ದದ್ದು ಮೂರು ಕಲ್ಲಿನ ಒಲೆ. ನಮ್ಮ ಕಡೆ ನೀರು ಕಾಯಿಸಲು ಹಿತ್ತಲಲ್ಲಿ ಇಡುವಂಥ ಒಲೆಗುಂಡುಗಳು. ಅವಳು ಅಡುಗೆ ಮಾಡುತ್ತಿದ್ದದ್ದೂ ಅದರ ಮೇಲೆಯೇ. ನನ್ನ ಕಣ್ಣಿಗೆ ಅದು ಒಲೆ, ಅಷ್ಟೇ.

ಆ ಬೇಸಿಗೆಯಲ್ಲಿ ಅವರಿಗೆ ಗ್ಯಾಸಿನ ಸಿಲಿಂಡರ್ ಬಂತು. ಕೋಣೆಯೊಳಗೆ ಹೊಸ ಸ್ಟೌ ಇಟ್ಟಳು. ನಾನು ಖುಷಿಯಾದೆ, ಗೋಡೆಗೆ ಹೊಗೆ ಹಿಡಿಯುವುದು ತಪ್ಪಿತಲ್ಲ ಎಂದು. ಆದರೂ ಆ ಕಲ್ಲುಗಳು ಹಿತ್ತಲಲ್ಲೇ ಇದ್ದವು. ಹೊಸ ರಾಜ್ಯ ಬರುವುದಕ್ಕೆ ಒಂದು ದಿನ ಮೊದಲು ಊರೆಲ್ಲ ತೆಲಂಗಾಣ ಹೋರಾಟದ ಗುಲಾಬಿ ಬಣ್ಣವಾಗಿತ್ತು. ಡೋಲು, ಪಟಾಕಿ, ಹಾಡು. ಓಣಿಯ ಯುವಕರು ಮೂಲೆಯಲ್ಲಿ ಗುಂಡಿ ತೋಡಿ ಕಬ್ಬಿಣದ ಕಂಬ ನಿಲ್ಲಿಸುತ್ತಿದ್ದರು. ಕಂಬ ವಾಲುತ್ತಿತ್ತು. ಬುಡಕ್ಕೆ ಕೊಡಲು ಕಲ್ಲು ಬೇಕೆಂದು ಮನೆ ಮನೆ ಬಾಗಿಲು ಬಡಿಯುತ್ತಾ ಬಂದರು. ‘ಟೀಚರಮ್ಮಾ, ನಿಮ್ಮದೂ ಒಂದು ಕಲ್ಲು ಇರಲಿ’ ಎಂದರು ತೆಲುಗಿನಲ್ಲಿ.

ಆ ದಿನ ನನ್ನ ಮನಸ್ಸು ಸರಿ ಇರಲಿಲ್ಲ. ಹೊಸ ರಾಜ್ಯದಲ್ಲಿ ನಮ್ಮ ಕನ್ನಡ ಶಾಲೆಯ ಗತಿ ಏನು ಎಂಬ ಚಿಂತೆ ಒಂದು ಕಡೆ. ಊರೆಲ್ಲ ಕುಣಿಯುವಾಗ ನಾನೊಬ್ಬಳೇ ಬಾಗಿಲು ಹಾಕಿಕೊಂಡು ಕೂತಿದ್ದೇನೆಂದು ಯಾರೂ ಆಡಿಕೊಳ್ಳಬಾರದು ಎಂಬ ಹಟ ಇನ್ನೊಂದು ಕಡೆ. ಹಿತ್ತಲಿಗೆ ಕರೆದುಕೊಂಡು ಹೋಗಿ, ‘ಇವು ಮೂರೂ ಒಯ್ಯಿರಿ, ಜಾಗ ಹಸನಾಗಲಿ’ ಅಂದೆ. ಒಯ್ದರು. ಸಂಜೆಯೊಳಗೆ ಸಿಮೆಂಟು ಸುರಿದು ಕಟ್ಟೆ ಕಟ್ಟಿಬಿಟ್ಟರು. ಕಲ್ಲು ಇದ್ದ ಜಾಗವನ್ನು ನಾನೇ ಸಗಣಿ ಹಾಕಿ ಸಾರಿಸಿದೆ. ಆ ದಿನ ಮಿಲ್ಲಿನಲ್ಲಿ ಕೆಲಸ ಹೆಚ್ಚಿತ್ತೆಂದು ಆಕೆ ಬರುವುದು ತಡವಾಗಿತ್ತು. ಬಂದು ಖುಷಿಪಡುತ್ತಾಳೆ ಎಂದು ಬಾಗಿಲಲ್ಲೇ ನಿಂತಿದ್ದೆ.

ಬಂದಳು. ಸಾರಿಸಿದ ನೆಲ ನೋಡಿದಳು. ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು.

‘ಕಲ್ಲು ಎಲ್ಲಿ ಹ್ವಾದ್ವು, ಅಕ್ಕೋರ?’

‘ಝಂಡಾಕಟ್ಟಿಗೆ ಕೊಟ್ಟೆ. ಗ್ಯಾಸ್ ಬಂದೈತಲ್ಲ, ಇನ್ನ್ಯಾಕ ಅವು?’

ಅವಳು ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. ಅವರಲ್ಲಿ ಒಲೆಯ ಮೂರು ಕಲ್ಲೇ ಮನೆಯ ದೇವರು. ಒಂದು ಅಪ್ಪ ಅಜ್ಜಂದಿರದು, ಒಂದು ಅವ್ವ ಅಜ್ಜಿಯರದು, ಮೂರನೆಯದು ಊರ ಮಂದಿಯದು. ಅವನ್ನು ದಾಟುವಂತಿಲ್ಲ, ಒದೆಯುವಂತಿಲ್ಲ, ಹೊರಗಿನವರು ಮುಟ್ಟುವಂತಿಲ್ಲ. ನಿಜವಾದ ಒಲೆ ಊರ ಮನೆಯಲ್ಲಿದೆ. ಇಲ್ಲಿಗೆ ಬಂದಾಗ ಕೃಷ್ಣಾ ನದಿಯಿಂದ ಗಂಡನೂ ಅವಳೂ ಮೂರು ಕಲ್ಲು ಹೊತ್ತು ತಂದು, ಅಕ್ಕಿ ಶುಂಠಿ ಇಟ್ಟು, ಅವ್ವನಿಗೆ ಫೋನು ಹಚ್ಚಿದ್ದರು. ಆ ಕಡೆಯಿಂದ ಅವ್ವ ಹಿರಿಯರ ಹೆಸರು ಒಂದೊಂದೇ ಹೇಳಿ, ಅಷ್ಟು ದೂರದಿಂದ ಅವರನ್ನು ಕರೆದು ಈ ಕಲ್ಲುಗಳಲ್ಲಿ ಕೂರಿಸಿದ್ದಳು. ಆಮೇಲೆ ದಿನಾ ಅವರ ಮುಂದೆ ದುಮಿಯಲ್ಲಿ ಮಾತಾಡಬೇಕೆಂದು ಮಗಳಿಂದ ಮಾತು ತೆಗೆದುಕೊಂಡಿದ್ದಳು. ಹಿರಿಯರಿಗೆ ಬೇರೆ ಮಾತು ತಿಳಿಯುವುದಿಲ್ಲ, ಅವ್ವನಿಗೂ ತಿಳಿಯುವುದಿಲ್ಲ.

ಆಗಲಾದರೂ ನಾನು ಬಾಯಿ ಮುಚ್ಚಬೇಕಿತ್ತು. ತಪ್ಪು ಮಾಡಿದಾಗ ನನ್ನ ನಾಲಿಗೆ ಇನ್ನೂ ಉದ್ದವಾಗುತ್ತದೆ. ‘ಕಲ್ಲ ತಾನ, ಹೊಳ್ಯಾಗ ಬೇಕಾದಷ್ಟು ಬಿದ್ದಾವ. ಇನ್ನ ಮೂರು ತಂದ್ರಾತು’ ಅಂದೆ.

ಅವಳು ನನ್ನ ಕೊರಳು ನೋಡಿದಳು. ಸೀರೆಯ ಒಳಗೆ ಬೆಳ್ಳಿಯ ಕರಡಿಗೆಯಲ್ಲಿ ನಾನು ಲಿಂಗ ಕಟ್ಟಿಕೊಂಡಿರುವುದು ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ನಾನು ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವುದನ್ನು ಕಿಟಕಿಯಿಂದ ನೋಡಿದ್ದಳು.

‘ಅದನ್ನ ಯಾರರ ತಗದು ಒಗದು, ಹೊಳ್ಯಾಗಿಂದ ಬ್ಯಾರೆ ಕಲ್ಲು ಕಟ್ಟಿಕೊ ಅಂದ್ರ, ಕಟ್ಟಿಕೊಂತೀರೇನ್ರಿ?’

ನಮ್ಮವ್ವನನ್ನು ಮಣ್ಣು ಮಾಡುವಾಗ ಅವಳ ಲಿಂಗವನ್ನು ಅವಳ ಎಡಗೈಯಲ್ಲಿಟ್ಟು ಬೆರಳು ಮಡಚಿದವಳು ನಾನೇ. ಕೂಡಲೇ ಎದ್ದು ಮೂಲೆಗೆ ಓಡಿದೆ. ಕಟ್ಟೆ ಒಡೆಯಿರಿ ಎಂದು ಕೇಳಬೇಕೆಂದಿದ್ದೆ. ಅಲ್ಲಿ ನೂರಾರು ಜನ, ಮುಖಕ್ಕೆಲ್ಲ ಗುಲಾಲು, ಹಸಿ ಸಿಮೆಂಟಿಗೆ ಹೂವಿನ ಹಾರ ಬೇರೆ. ಎಷ್ಟೋ ವರ್ಷ ಕಾದು ಪಡೆದ ರಾಜ್ಯದ ಝಂಡಾ. ಕನ್ನಡದ ಟೀಚರಮ್ಮ ಬಂದು ಕಟ್ಟೆ ಒಡೆಯಿರಿ ಅಂದರೆ ಏನಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ. ಒಬ್ಬ ನನ್ನ ಹಣೆಗೂ ಗುಲಾಲು ಹಚ್ಚಿದ. ಹಚ್ಚಿಸಿಕೊಂಡು ಬಾಯಿ ಬಿಡದೆ ವಾಪಸು ಬಂದೆ.

ಮರುದಿನದಿಂದ ಹಿತ್ತಲಲ್ಲಿ ಮಾತು ನಿಂತಿತು. ಗೋಡೆಯ ಮುಂದೆ ಮಾತಾಡಲು ಆಕೆಗೆ ಆಗಲಿಲ್ಲವಂತೆ. ಅದರ ಬದಲು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಂದು ಕೊಡ ನೀರು ಒಯ್ದು ಝಂಡಾಕಟ್ಟೆ ತೊಳೆಯತೊಡಗಿದಳು. ಜನ ಅದರ ಮೇಲೆ ಚಪ್ಪಲಿ ಹಾಕಿಕೊಂಡು ಕೂರುತ್ತಿದ್ದರು, ಗುಟಕಾ ಉಗುಳುತ್ತಿದ್ದರು. ಆಕೆ ಏನೂ ಅನ್ನದೆ ಉಜ್ಜಿ ತೊಳೆದು ಹೋಗುತ್ತಿದ್ದಳು. ಓಣಿಯವರಿಗೆ ಅದೊಂದು ಅಚ್ಚರಿಯಾಯಿತು. ‘ನೇಪಾಳದಾಕಿಗೆ ಇರೋ ಅಭಿಮಾನ ನಮಗಿಲ್ಲ ನೋಡ್ರಿ’ ಎಂದು ನನ್ನ ಮುಂದೆಯೇ ಹೇಳಿದರು. ಅಷ್ಟೇ ಅಲ್ಲ, ಮುಂದೆ ಜನವರಿಯಲ್ಲಿ ಝಂಡಾ ಏರಿಸುವ ದಿನ ಅವಳಿಗೆ ಒಂದು ಶಾಲು ಹೊದಿಸಿದರು. ಚಪ್ಪಾಳೆ ತಟ್ಟುವವರ ಸಾಲಿನಲ್ಲಿ ನಾನೂ ಇದ್ದೆ. ಅವಳು ನನ್ನ ಕಡೆ ನೋಡಲಿಲ್ಲ, ನಾನು ಅವಳ ಕಡೆ ನೋಡಲಿಲ್ಲ.

ಶಾಲಿಗಿಂತ ಮೊದಲಿನದು ಹೇಳಬೇಕು. ಮಳೆಗಾಲದಲ್ಲಿ ಅವಳ ಊರಿಗೆ ಫೋನು ಹತ್ತುತ್ತಿರಲಿಲ್ಲ. ದಸರಾ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹತ್ತಿತು. ಆ ಕಡೆ ಅಣ್ಣನ ಹೆಂಡತಿ ಅವ್ವನ ಕಿವಿಗೆ ಫೋನು ಹಿಡಿದಿದ್ದಳು. ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ. ಸ್ಪೀಕರಿನಲ್ಲಿ ಮುದುಕಿಯ ಸಣ್ಣ ದನಿ ಕೇಳಿತು. ಇವಳು ಒಂದು ಮಾತು ಶುರು ಮಾಡಿದಳು, ನಿಂತಳು. ಇನ್ನೊಂದು ಶುರು ಮಾಡಿದಳು, ನಡುವೆ ನೇಪಾಳಿ ಬಂತು, ಗಾಬರಿಯಲ್ಲಿ ‘ಆರಾಮದೀನಿ’ ಎಂದು ಕನ್ನಡವೇ ಬಂದುಬಿಟ್ಟಿತು. ಆ ಕಡೆ ಮುದುಕಿ ಏನೋ ಹೇಳಿದಳು, ಮತ್ತೆ ಅದನ್ನೇ ಹೇಳಿದಳು. ಫೋನು ಕಟ್ಟಾಯಿತು.

‘ಏನಂದ್ಳು?’ ಎಂದೆ.

‘ಇದ್ಯಾರೋ ಬ್ಯಾರೆ ಹೆಣ್ಮಗಳು. ನನ್ನ ಮಗಳ ಕೈಗೆ ಫೋನ್ ಕೊಡ್ರಿ, ಅಂದ್ಳರಿ.’

ಅವಳ ಅವ್ವನಿಗೆ ಎರಡೂ ಕಣ್ಣು ಹೋಗಿದ್ದವು. ಎದುರಿಗೆ ಹೋಗಿ ನಿಂತರೂ ಮುಖ ಕಾಣುವುದಿಲ್ಲ. ಮಗಳೆಂದು ಗುರುತು ಹಿಡಿಯಲು ಉಳಿದದ್ದು ಮಾತೊಂದೇ. ಅದೂ ಹೋದರೆ ಅವ್ವ ಬದುಕಿರುವಾಗಲೇ ಇವಳು ಯಾರ ಮಗಳೂ ಅಲ್ಲ. ಇದನ್ನು ಇವಳು ಹೀಗೆ ವಿವರಿಸಿ ಹೇಳಲಿಲ್ಲ, ಫೋನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು ಅಷ್ಟೇ. ಅವಳ ಬಾಯಿ ಕಟ್ಟಿದವಳು ನಾನು. ಅಕ್ಕಿಯ ಮೊರದಲ್ಲಿ ಕಲ್ಲು ಯಾವುದು ಕಾಳು ಯಾವುದು ಎಂದು ನನಗೆ ಆಮೇಲೆ ಕಾಣಲಿಲ್ಲ.

ಪ್ರಾಯಶ್ಚಿತ್ತ ಮಾಡುವುದರಲ್ಲೂ ನಾನು ಎಡವಟ್ಟಿನವಳೇ. ಗದ್ವಾಲದಲ್ಲಿ ಕೋಟೆಯ ಹತ್ತಿರ ನೇಪಾಳದವನೊಬ್ಬ ನೂಡಲ್ಸ್ ಗಾಡಿ ಇಟ್ಟಿದ್ದಾನೆ ಎಂದು ಯಾರೋ ಹೇಳಿದ್ದೇ ತಡ, ಭಾನುವಾರ ಇವಳನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದೆ. ನೇಪಾಳದವರೆಂದರೆ ನೇಪಾಳದವರು, ಯಾರಾದರೇನು ಎಂದು ನನ್ನ ಲೆಕ್ಕ. ಗಾಡಿಯವನು ಒಳ್ಳೆಯವನು. ಇಬ್ಬರಿಗೂ ಚಹಾ ಕೊಡಿಸಿದ. ಇವಳು ಒಂದೆರಡು ಮಾತು ದುಮಿಯಲ್ಲಿ ಆಡಿದಳು. ಅವನು ಬಾಣಲೆ ಕೆಳಗಿಟ್ಟು, ಇದು ಯಾವ ದೇಶದ ಭಾಷೆ ಎಂದು ಹಿಂದಿಯಲ್ಲಿ ಕೇಳಿದ. ವಾಪಸು ಬರುವಾಗ ಬಸ್ಸು ಜುರಾಲಾ ಡ್ಯಾಮು ದಾಟುತ್ತಿತ್ತು. ನೀರು ನೋಡುತ್ತಾ ಕೂತವಳಿಗೆ ನಾನು ಆಗ ಹೇಳಿದೆ.

‘ನನ್ನ ಮುಂದ ಮಾತಾಡು, ತಂಗಿ.’

‘ನಿಮಗ ತಿಳಿಯಂಗಿಲ್ಲಲ್ರಿ.’

‘ಕಲ್ಲಿಗೆ ತಿಳೀತಿತ್ತೇನು?’

‘ಅವಕ್ಕ ತಿಳೀತಿತ್ತು’ ಅಂದಳು, ಗಂಭೀರವಾಗಿ. ಆದರೆ ಮರುದಿನ ಸಂಜೆ ನಾನು ಶಾಲೆಯಿಂದ ಬಂದಾಗ, ಕಲ್ಲು ಇದ್ದ ಜಾಗದಲ್ಲಿ ನನಗೊಂದು ಮಣೆ ಹಾಕಿದ್ದಳು.

ಕರಾರು ಇಷ್ಟೇ. ನಾನು ಅರ್ಥ ಕೇಳಬಾರದು. ಅರ್ಥ ಹೇಳಲು ಹೋದರೆ ತಾನು ಮತ್ತೆ ಕನ್ನಡಕ್ಕೆ ಬಂದುಬಿಡುತ್ತೇನೆ ಅಂದಳು. ಆಗಾಗ ಹೂಂ ಅನ್ನಬೇಕು. ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸಿ ತಾನೇ ಮಾತಾಡಿದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮೊದಲ ವಾರ ಕಾಲು ಜೋಮು ಹಿಡಿಯುತ್ತಿತ್ತು, ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನ ಉತ್ತರಪತ್ರಿಕೆ ತಿದ್ದುತ್ತಾ ಹೂಂ ಹೂಂ ಅನ್ನುತ್ತಿದ್ದೆ. ಅವಳು ಮಾತು ನಿಲ್ಲಿಸಿದ್ದು ನನಗೆ ಗೊತ್ತೇ ಆಗಲಿಲ್ಲ, ಹೂಂ ಅನ್ನುತ್ತಲೇ ಇದ್ದೆ. ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ‘ಕಲ್ಲು ಹೂಂ ಅಂತಿರಲಿಲ್ರಿ. ಆದ್ರ ಹಿಂಗೂ ಮಾಡ್ತಿರಲಿಲ್ಲ’ ಅಂದಳು. ಆಮೇಲೆ ನಾನು ಪೆನ್ನು ಹಿಡಿದು ಕೂರಲಿಲ್ಲ.

ದಿನ ಕಳೆದಂತೆ ಅರ್ಥವಾಗದಿದ್ದರೂ ಕೆಲವು ತಿಳಿಯತೊಡಗಿದವು. ಇದು ಅವ್ವನ ಸುದ್ದಿ, ಇದು ಹಂದಿ ಸಾಕಿದ ಸುದ್ದಿ, ಇದು ಯಾರದೋ ಜಗಳ. ಹಂದಿಯದು ಹೇಗೆ ತಿಳಿಯಿತೆಂದರೆ, ಅದರ ಹಾಗೆ ಕೂಗಿ ತೋರಿಸುತ್ತಿದ್ದಳು. ಲಿಂಗ ಕಟ್ಟಿದವಳು ಹಂದಿಯ ಕಥೆಗೆ ಹೂಂ ಅನ್ನುವುದನ್ನು ನಮ್ಮವ್ವ ನೋಡಿದ್ದರೆ ನನ್ನನ್ನು ಬಚ್ಚಲಿಗೆ ಅಟ್ಟುತ್ತಿದ್ದಳು. ‘ಮಿ’ ಅಂದರೆ ಬೆಂಕಿ ಎಂದು ಮಾತ್ರ ಕಲಿತೆ, ಅದೂ ಚಹಾಕ್ಕಿಟ್ಟು ಮರೆತಾಗ ಅವಳು ಕೈ ತೋರಿಸಿ ಅಂದದ್ದರಿಂದ. ಮೊದಮೊದಲು ನಿಂತು ನಿಂತು ಆಡುತ್ತಿದ್ದವಳು ಸಂಕ್ರಾಂತಿಯ ಹೊತ್ತಿಗೆ ಹೊಳೆ ಹರಿದಂತೆ ಮಾತಾಡುತ್ತಿದ್ದಳು. ನನಗೂ ನಾಲ್ಕೂವರೆ ಆಗುವುದನ್ನೇ ಕಾಯುವ ಚಟ ಹತ್ತಿತು. ಅದು ಅವಳಿಗಾಗಿ ಮಾಡುವ ಉಪಕಾರವೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಮನೆಯಲ್ಲಿ ಒಂದು ಹೆಣ್ಣುದನಿ ಇತ್ತು, ಅದು ನನ್ನ ಕಡೆ ಮುಖ ಮಾಡಿ ಮಾತಾಡುತ್ತಿತ್ತು. ನನಗೆ ಅಷ್ಟೇ ಬೇಕಾಗಿತ್ತು.

ಶಾಲು ಹೊದಿಸಿದ ನಾಲ್ಕೈದು ದಿನಕ್ಕೆ ಅಣ್ಣನ ಹೆಂಡತಿಯ ಫೋನು ಬಂತು. ಮನೆಯೊಳಗೆ ಸರಿಯಾಗಿ ಕೇಳುತ್ತಿರಲಿಲ್ಲ. ಇವಳು ಓಡಿ ಮೂಲೆಗೆ ಹೋದಳು, ಹಿಂದೆ ನಾನು. ಚಪ್ಪಲಿ ಬಿಟ್ಟು, ಝಂಡಾಕಟ್ಟೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಒಂದು ಕೈ ಕಟ್ಟೆಗೆ ಆನಿಸಿದಳು. ಮಾತು ಶುರು ಮಾಡಿದಳು. ನಿಲ್ಲಲಿಲ್ಲ. ಆ ಕಡೆ ಸದ್ದೇ ಇಲ್ಲ. ಫೋನು ಹೋಯಿತೋ ಏನೋ ಎಂದು ಬಗ್ಗಿ ಪರದೆ ನೋಡಿದೆ. ಆಮೇಲೆ ಮುದುಕಿಯ ದನಿ ಬಂತು, ಜೋರಾಗಿ, ಒಂದೇ ಉಸಿರಿಗೆ. ಇವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

‘ಏನಂತಾಳ?’ ಕರಾರು ಮರೆತು ಕೇಳಿದೆ.

‘ಬೈಯಾಕತ್ಯಾಳ್ರಿ. ಇಷ್ಟ ದಿನ ಎಲ್ಲಿ ಸತ್ತಿದ್ದಿ, ಯಾರೋ ಹೆಣ್ಮಗಳ ಕೈಗೆ ಫೋನ್ ಕೊಟ್ಟು ಎಲ್ಲಿ ಹೋಗಿದ್ದಿ ಅಂತ ಬೈಯಾಕತ್ಯಾಳ.’

ಹೊರಗಿನವರಿಗೆ ಯಾರೂ ಹಾಗೆ ಬೈಯುವುದಿಲ್ಲ. ಕೊನೆಗೆ ಮುದುಕಿ ಕಲ್ಲುಗಳನ್ನು ವಿಚಾರಿಸಿದಳಂತೆ. ಇವಳು ಸುಳ್ಳು ಹೇಳಲಿಲ್ಲ. ಒಂದು ದೊಡ್ಡ ಕಂಬ ಹೊತ್ತು ನಿಂತಿವೆ ಅಂದಳಂತೆ. ಭಾರ ಆಗುವುದಿಲ್ಲವೇ ಅವಕ್ಕೆ ಎಂದು ಮುದುಕಿ ಕೇಳಿದಳಂತೆ. ಆಮೇಲೆ, ಅವು ಅಲ್ಲೇ ಇರಲಿ, ನೀನು ಬಾ ಅಂದಳಂತೆ. ಹತ್ತಿ ಬರುವ ‘ಬಾ’.

ಶಿವರಾತ್ರಿ ಮುಗಿಸಿಕೊಂಡು ಹೊರಟುಹೋದಳು. ಗಂಡ ಗದ್ವಾಲದ ಹತ್ತಿಬೀಜದ ಗೋದಾಮಿಗೆ ಕೆಲಸ ಬದಲಿಸಿದ, ವರ್ಷ ಕಳೆದು ತಾನೂ ಹೋದ. ರಾಯಚೂರು ಸ್ಟೇಷನ್ನಿನವರೆಗೆ ನಾನೇ ಹೋಗಿ ರೈಲು ಹತ್ತಿಸಿದೆ. ಬುತ್ತಿ ಕೊಟ್ಟು, ‘ಹೋದ ಮ್ಯಾಲ ಫೋನ್ ಮಾಡು’ ಎಂದು ಗದರಿದೆ. ಹೊರಟಿದ್ದ ರೈಲಿನಿಂದ ಅವಳು ಏನೋ ಹೇಳಿದಳು, ದುಮಿಯಲ್ಲಿ. ಹೂಂ ಅಂದೆ.

ಆ ಬೇಸಿಗೆಯಲ್ಲೇ ನೇಪಾಳದಲ್ಲಿ ಭೂಕಂಪವಾಯಿತು. ಟಿವಿಯ ಮುಂದಿನಿಂದ ನಾನು ಏಳಲೇ ಇಲ್ಲ. ಹತ್ತು ದಿನದ ಮೇಲೆ ಗಂಡನ ಮೂಲಕ ಸುದ್ದಿ ಬಂತು. ಒಂದು ಗೋಡೆ ಬಿರುಕು ಬಿಟ್ಟಿದೆ, ಅವ್ವ ಮಗಳು ಒಲೆಯ ಹತ್ತಿರ ಆರಾಮ ಇದ್ದಾರೆ ಎಂದು. ಆಮೇಲೆ ಹಬ್ಬಕ್ಕೊಮ್ಮೆ ಎರಡು ಮಾತು, ಬರಬರುತ್ತಾ ಅದೂ ಇಲ್ಲ. ನಾನು ಬೆಳಿಗ್ಗೆ ಒಂದು ಕೊಡ ನೀರು ಒಯ್ದು ಝಂಡಾಕಟ್ಟೆ ತೊಳೆಯುವುದನ್ನು ಮಾತ್ರ ಬಿಡಲಿಲ್ಲ. ನನಗೆ ಯಾರೂ ಶಾಲು ಹೊದಿಸಲಿಲ್ಲ. ನಿವೃತ್ತಿಯಾದಾಗ ನನ್ನ ತರಗತಿಯಲ್ಲಿ ನಾಲ್ಕು ಮಕ್ಕಳಿದ್ದರು. ಅವರ ತಂದೆತಾಯಿ ಮುಂದಿನ ವರ್ಷ ಇಂಗ್ಲಿಷಿಗೆ ಹಾಕುತ್ತೇವೆ ಎಂದು ನನ್ನ ಬೀಳ್ಕೊಡುಗೆಯ ದಿನವೇ ಹೇಳಿದರು.

ನಾರಾಯಣಪೇಟೆ ಜಿಲ್ಲೆಯಾದ ವರ್ಷ ಪಿಂಚಣಿಯ ಕಾಗದಕ್ಕೆಂದು ಅಲ್ಲಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಮಖ್ತಲ್ ಬಸ್ಸಿಗೆ ಕಾಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಿದೆ. ಹಲೋ ಇಲ್ಲ, ಅಕ್ಕೋರ ಇಲ್ಲ. ನೇರ ದುಮಿ. ಅವಳ ದನಿ. ರೂಢಿಯ ಪ್ರಕಾರ ಹೂಂ ಅಂದೆ.

ಅವಳು ಮಾತಾಡಿದಳು. ಅವ್ವನ ಸುದ್ದಿ ಬರುವಾಗ ಅವಳ ದನಿ ಹೇಗೆ ತಗ್ಗುತ್ತದೆ ಎಂದು ನನಗೆ ಗೊತ್ತಿತ್ತು. ಈ ಸಲ ತಗ್ಗಿದ್ದು ಮೇಲೆ ಬರಲಿಲ್ಲ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೂಂ ಅಂದೆ. ಸುತ್ತ ಬಸ್ಸಿನವರು ಕೊಡಂಗಲ್, ಮದ್ದೂರು ಎಂದು ಕೂಗುತ್ತಿದ್ದರು. ಪಕ್ಕದ ಹೆಂಗಸು ನನ್ನ ಕಣ್ಣೀರು ನೋಡಿ ತೆಲುಗಿನಲ್ಲಿ ಏನಾಯಿತಮ್ಮಾ ಅಂದಳು. ಕೈ ಸನ್ನೆ ಮಾಡಿ ಸುಮ್ಮನಿರಿಸಿದೆ. ಅರ್ಧ ಗಂಟೆಯೋ ಒಂದು ಗಂಟೆಯೋ, ನನಗೆ ಲೆಕ್ಕವಿಲ್ಲ.

‘ಅಕ್ಕೋರ, ಅದೀರೇನು?’ ಕೊನೆಗೆ ಕನ್ನಡ ಬಂತು.

‘ಅದೀನಿ.’

‘ಅಣ್ಣನ ಮಕ್ಕಳು ನೇಪಾಳಿ ಆಡ್ತಾವ್ರಿ. ಮಗ್ಗಲ ಮನಿಯವ್ರು ಪ್ಯಾಟಿ ಸೇರ್ಯಾರ. ಇಲ್ಲಿ ಕಲ್ಲು ಅದಾವು, ದಿನಾ ಮುಂದ ಕುಂತು ಮಾತಾಡ್ತೀನಿ. ಹೂಂ ಅನ್ನವ್ರಿಲ್ಲ.’

‘ನಾ ಅದೀನಲ್ಲ. ದಿನಾ ಹಚ್ಚು ಫೋನು. ನಾಲ್ಕೂವರಿಗೆ ಹಚ್ಚು.’ ಸಿಟ್ಟಿನಲ್ಲೇ ಹೇಳಿದೆ, ನನಗೆ ಬೇರೆ ರೀತಿ ಹೇಳಲು ಬಾರದು.

‘ಈಗ ನೀವು ಹೇಳ್ರಿ, ಅಕ್ಕೋರ. ನಾ ಹೂಂ ಅಂತೀನಿ’ ಅಂದಳು.

ನಮ್ಮವ್ವ ಹೋದ ಮೇಲೆ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ. ಪುಸ್ತಕದ ಮಾತು ಬಂತು, ನುಂಗಿದೆ. ತೆಲುಗು ಬಂತು, ಅದನ್ನೂ ನುಂಗಿದೆ. ಹುಡುಕಿ ಹುಡುಕಿ, ‘ನಮ್ಮವ್ವ ಭಾಳ ಜಗಳಗಂಟಿ ಇದ್ಲು’ ಎಂದು ಶುರು ಮಾಡಿದೆ.

‘ಹೂಂ’ ಅಂದಳು ಆ ಬೆಟ್ಟದಿಂದ.

ಮಖ್ತಲ್ ಬಸ್ಸು ಬಂತು, ತುಂಬಿಕೊಂಡು ಹೋಯಿತು. ನಾನು ಏಳಲಿಲ್ಲ.